ಕೊಡಗಿನಲ್ಲಿ ಗೇಮಿಂಗ್ ಪಿಸಿ ಕೊಳ್ಳುವ ಮುಂಚೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕಾಫಿ ಕುಯ್ಲು ಮುಗಿಯುತ್ತಾ ಬಂತು ಅಂದರೆ ಸಾಕು, "ಗೇಮಿಂಗ್ ಪಿಸಿ ಹಾಕಿಸಬೇಕು, ಏನು ತಗೊಳ್ಳಲಿ ಅಣ್ಣ?" ಅಂತ ಕೇಳುವವರು ಶುರುವಾಗುತ್ತಾರೆ. ಸೋಮವಾರಪೇಟೆಯವರಾಗಲಿ, ಗೋಣಿಕೊಪ್ಪದವರಾಗಲಿ, ಪ್ರಶ್ನೆಗಳು ಹೆಚ್ಚು ಕಡಿಮೆ ಅವೇ. ದೊಡ್ಡ ಊರಿನವರಿಗೆ ಕೊಡುವ ಸಲಹೆ ನಮಗೆ ಅರ್ಧ ಮಾತ್ರ ಒಪ್ಪುತ್ತದೆ, ಯಾಕೆಂದರೆ ಅಲ್ಲಿ ಯಾರೂ ಜುಲೈ ತಿಂಗಳ ತೇವದ ಬಗ್ಗೆ ಮಾತಾಡುವುದಿಲ್ಲ. ಪಾರ್ಟ್‌ಗಳು ವರ್ಷಕ್ಕೆ ಎರಡು ಸಲ ಬದಲಾಗುತ್ತವೆ. ನಿಮ್ಮ ಮನೆಯ ಕರೆಂಟು, ಮಳೆ, ಮೇಜಿನ ಮೇಲಿನ ಮಾನಿಟರ್ ಅಷ್ಟು ಬೇಗ ಬದಲಾಗುವುದಿಲ್ಲ. ಹಾಗಾಗಿ ಪ್ಲಾನ್ ಅಲ್ಲಿಂದಲೇ ಹಾಕಬೇಕು ಅನ್ನುವುದು ನನ್ನ ವಾದ.

ಈಗಲೇ ತಗೊಳ್ಳೋದಾ, ಇನ್ನೂ ಆರು ತಿಂಗಳು ಕಾಯೋದಾ?

ಕಾಯುತ್ತಾ ಕೂತರೆ ಅದು ಮುಗಿಯುವುದೇ ಇಲ್ಲ. ಜನವರಿಯಲ್ಲಿ ಲಾಸ್ ವೇಗಾಸ್‌ನಲ್ಲಿ ಸಿಇಎಸ್ ಅನ್ನುವ ಎಲೆಕ್ಟ್ರಾನಿಕ್ಸ್ ಮೇಳ ನಡೆಯುತ್ತದೆ. ಮೇ ಕೊನೆಗೋ ಜೂನ್‌ನಲ್ಲೋ ತೈಪೆಯಲ್ಲಿ ಕಂಪ್ಯೂಟೆಕ್ಸ್ ಅನ್ನುವ ಕಂಪ್ಯೂಟರ್ ಮೇಳ. ಹೊಸ ಮಾಲಿನ ಸುದ್ದಿ ಹೆಚ್ಚಾಗಿ ಈ ಎರಡರ ಸುತ್ತಮುತ್ತ ಬರುತ್ತದೆ. 2025ನ್ನೇ ನೋಡಿ. ಜನವರಿ ಕೊನೆಗೆ ಎನ್‌ವಿಡಿಯಾದ ಗ್ರಾಫಿಕ್ಸ್ ಕಾರ್ಡ್‌ಗಳಾದ ಆರ್‌ಟಿಎಕ್ಸ್ 5090 ಮತ್ತು 5080 ಬಂದವು, ಮಾರ್ಚ್‌ನಲ್ಲಿ 5070 ಮತ್ತು ಎಎಂಡಿಯ ಆರ್‌ಎಕ್ಸ್ 9070, ಏಪ್ರಿಲ್‌ನಲ್ಲಿ 5060 ಟಿಐ, ಮೇನಲ್ಲಿ 5060, ಜೂನ್‌ನಲ್ಲಿ ಆರ್‌ಎಕ್ಸ್ 9060 ಎಕ್ಸ್‌ಟಿ. ಅರ್ಧ ವರ್ಷ ಪೂರ್ತಿ "ಮುಂದಿನ ತಿಂಗಳು ಇನ್ನೊಂದು ಬರ್ತದಂತೆ" ಅಂತಲೇ ಕಳೆಯಿತು. ಒಂದು ವಿಷಯ ಗಮನಿಸಿ: ದುಬಾರಿ ಕಾರ್ಡ್ ಮೊದಲು ಬರುತ್ತದೆ, ನಮ್ಮ ಕೈಗೆ ಎಟುಕುವುದು ಎಲ್ಲಕ್ಕಿಂತ ಕೊನೆಗೆ. ಹಾಗಾಗಿ ಹೊಸ ಸರಣಿಯ ಹೆಸರು ಕೇಳಿದ ಕೂಡಲೇ ನಿಲ್ಲಬೇಕಾದ ಅಗತ್ಯ ಇಲ್ಲ.

ನಾನು ಹೇಳುವ ಲೆಕ್ಕ ಇಷ್ಟೇ. ನಿಮ್ಮ ಬಜೆಟ್‌ಗೆ ಸೇರುವ ಕಾರ್ಡ್‌ನ ತಾರೀಕನ್ನು ಕಂಪನಿಯೇ ಹೇಳಿದ್ದರೆ, ಆ ತಾರೀಕು ಒಂದೂವರೆ ತಿಂಗಳ ಒಳಗಿದ್ದರೆ ಕಾಯಿರಿ. ಬರೀ ಗಾಳಿಸುದ್ದಿ ಆಗಿದ್ದರೆ ಬಿಟ್ಟುಬಿಡಿ.

ನಮ್ಮ ಕಡೆ ಇನ್ನೊಂದು ವಿಷಯ ಇದೆ. ಅರೇಬಿಕಾ ಮೊದಲು, ರೊಬಸ್ಟಾ ಆಮೇಲೆ, ಎಲ್ಲ ಒಣಗಿ ಮಾರಿ ದುಡ್ಡು ಕೈಗೆ ಬರುವುದು ಫೆಬ್ರವರಿ, ಮಾರ್ಚ್ ಹೊತ್ತಿಗೆ. ದೀಪಾವಳಿ ಸೇಲ್ ಇರುವಾಗ ತೋಟದ ಮನೆಗಳಲ್ಲಿ ಕೈ ಖಾಲಿ. ಅದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ಫೆಬ್ರವರಿಯಿಂದ ಏಪ್ರಿಲ್ ಒಳಗೆ ಕೊಳ್ಳುವುದೇ ಇಲ್ಲಿಗೆ ಒಳ್ಳೆಯದು. ಜನವರಿಯ ಘೋಷಣೆಗಳು ಮುಗಿದಿರುತ್ತವೆ. ಪಾರ್ಟ್‌ನಲ್ಲಿ ಏನಾದರೂ ದೋಷ ಇದ್ದರೆ ಮೊದಲ ಒಂದೆರಡು ತಿಂಗಳಲ್ಲೇ ಗೊತ್ತಾಗುವುದು ಜಾಸ್ತಿ, ಆಗ ರಸ್ತೆಯೂ ಕೊರಿಯರ್ರೂ ಸರಿಯಾಗಿರುತ್ತವೆ. ಜುಲೈನಲ್ಲಿ ಮದರ್‌ಬೋರ್ಡ್ ವಾಪಸ್ ಕಳಿಸಿ ನೋಡಿ, ಗೊತ್ತಾಗುತ್ತದೆ.

ರ‍್ಯಾಮ್ ಬೆಲೆ ಯಾಕೆ ಹೀಗೆ ಏರಿದೆ? ಇಳಿಯುತ್ತದಾ?

2025ರ ಕೊನೆಯ ತಿಂಗಳುಗಳಲ್ಲಿ ಡಿಡಿಆರ್5, ಅಂದರೆ ಈಗಿನ ಹೊಸ ಪಿಸಿಗಳಿಗೆ ಹಾಕುವ ಥರದ ರ‍್ಯಾಮ್, ಬೆಲೆ ದುಪ್ಪಟ್ಟು ದಾಟಿತು. ಕಾರಣ ಎಐ. ಮೆಮೊರಿ ಚಿಪ್ ಮಾಡುವ ದೊಡ್ಡ ಕಂಪನಿಗಳು ಜಗತ್ತಿನಲ್ಲಿ ಮೂರೇ: ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್. ಡೇಟಾ ಸೆಂಟರ್‌ನವರು ಎಷ್ಟು ಕೊಟ್ಟರೂ ಕೊಳ್ಳುತ್ತಾರೆ, ಲಾಭವೂ ಅಲ್ಲೇ ಜಾಸ್ತಿ, ಹಾಗಾಗಿ ಕಾರ್ಖಾನೆಗಳು ಅತ್ತ ತಿರುಗಿದವು. 2025ರ ಡಿಸೆಂಬರ್‌ನಲ್ಲಿ ಮೈಕ್ರಾನ್ ತನ್ನ ಕ್ರೂಷಿಯಲ್ ಹೆಸರಿನ ಚಿಲ್ಲರೆ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಹೇಳಿತು. ಎಸ್‌ಎಸ್‌ಡಿ (ಗೇಮ್, ಫೈಲ್ ಇಡುವ ಡ್ರೈವ್) ಬೆಲೆಯೂ ಅದರ ಹಿಂದೆಯೇ ಏರಿತು. ಹೊಸ ಕಾರ್ಖಾನೆ ಕಟ್ಟಿ ಮಾಲು ಹೊರಗೆ ಬರಲು ವರ್ಷಗಳು ಬೇಕು, ಆದ್ದರಿಂದ ನಾಳೆ ನಾಡಿದ್ದರಲ್ಲಿ ಇಳಿಯುತ್ತದೆ ಅಂತ ಕಾಯುವುದರಲ್ಲಿ ಅರ್ಥ ಇಲ್ಲ.

ಈ ಹೊತ್ತಿಗೆ ಮಾಡಬಹುದಾದ್ದು: 32 ಜಿಬಿ ಬೇಕೇ ಬೇಕು ಅನ್ನುವ ಹಟ ಬಿಡಿ. 16 ಜಿಬಿಯಲ್ಲಿ ಹೆಚ್ಚಿನ ಗೇಮ್‌ಗಳು ನಡೆಯುತ್ತವೆ, ಹಿಂದೆ ಇಪ್ಪತ್ತು ಟ್ಯಾಬ್ ತೆರೆದಿಡದಿದ್ದರೆ ಆಯಿತು. ಆದರೆ ಅದನ್ನು ಎರಡು 8 ಜಿಬಿ ಕಡ್ಡಿಯಾಗಿ ತಗೊಳ್ಳುವುದಾ, ಒಂದೇ 16 ಜಿಬಿ ಕಡ್ಡಿಯಾ? ಎರಡು ಹಾಕಿದರೆ ಈಗ ವೇಗ ಜಾಸ್ತಿ. ಒಂದೇ ಹಾಕಿದರೆ ಮುಂದಿನ ವರ್ಷ ಅದರ ಜೋಡಿ ತಂದು 32 ಮಾಡಬಹುದು, ಆದರೆ ಅಲ್ಲಿಯವರೆಗೆ ಗೇಮ್ ಸ್ವಲ್ಪ ಕುಂಟುತ್ತದೆ. ನಾಲ್ಕು ಕಡ್ಡಿ ಹಾಕಿದರೆ ಡಿಡಿಆರ್5 ತನ್ನ ಪೂರ್ತಿ ವೇಗದಲ್ಲಿ ಓಡಲು ತಕರಾರು ಮಾಡುತ್ತದೆ, ಅದು ನೆನಪಿರಲಿ. ನಾನಾದರೆ ಎರಡು 8 ಹಾಕಿ ಸುಮ್ಮನಿರುತ್ತೇನೆ.

ಮೊದಲು ಯಾವ ಪಾರ್ಟ್ ಡಿಸೈಡ್ ಮಾಡಬೇಕು?

ಮಾನಿಟರ್. ಎಲ್ಲರೂ ಗ್ರಾಫಿಕ್ಸ್ ಕಾರ್ಡ್‌ನಿಂದ ಶುರು ಮಾಡುತ್ತಾರೆ, ಆಮೇಲೆ ಉಳಿದ ಚಿಲ್ಲರೆಯಲ್ಲಿ ಮಾನಿಟರ್ ತಗೊಳ್ಳುತ್ತಾರೆ. 60 ಹರ್ಟ್ಸ್‌ನ (ಸೆಕೆಂಡಿಗೆ 60 ಚಿತ್ರ ತೋರಿಸುವ) ಹಳೆ ಮಾನಿಟರ್‌ಗೆ 5070 ಹಾಕಿ ಏನು ಪ್ರಯೋಜನ? ಪರದೆಯ ಸ್ಪಷ್ಟತೆ 1080ಪಿ ಸಾಕಾ, ಅದಕ್ಕಿಂತ ಹೆಚ್ಚಿನ 1440ಪಿ ಬೇಕಾ ಅಂತ ಮೊದಲು ನಿರ್ಧರಿಸಿ. ವ್ಯಾಲೊರಂಟ್, ಸಿಎಸ್2 ಥರದ ಆನ್‌ಲೈನ್ ಶೂಟಿಂಗ್ ಗೇಮ್ ಜಾಸ್ತಿ ಆಡುವವರಿಗೆ 1080ಪಿಯಲ್ಲಿ 144 ಹರ್ಟ್ಸ್ ಅಥವಾ ಮೇಲೆ ಸಾಕು, ಕಾರ್ಡ್ ಮೇಲೆ ಅಷ್ಟು ಸುರಿಯಬೇಕಿಲ್ಲ. ಕಥೆ ಇರುವ ದೊಡ್ಡ ಗೇಮ್‌ಗಳಿಗೆ 27 ಇಂಚಿನ 1440ಪಿ ಚೆನ್ನಾಗಿರುತ್ತದೆ. ಒಳ್ಳೆ ಮಾನಿಟರ್ ಎರಡು ಕಾರ್ಡ್‌ಗಳ ಕಾಲ ಬಾಳುತ್ತದೆ.

8 ಜಿಬಿ ಕಾರ್ಡ್ ಸಾಕಾ?

1080ಪಿಗೆ, ಸೆಟ್ಟಿಂಗ್ ಸ್ವಲ್ಪ ಇಳಿಸಲು ಬೇಸರ ಇಲ್ಲದವರಿಗೆ, ಸಾಕು. ನಾಲ್ಕೈದು ವರ್ಷ ಇಟ್ಟುಕೊಳ್ಳುವ ಆಸೆ ಇದ್ದರೆ ಸಾಲದು. ಕಾರ್ಡ್‌ನ ಸ್ವಂತ ಮೆಮೊರಿ (ಆ 8 ಜಿಬಿ) ತುಂಬಿದಾಗ ಫ್ರೇಮ್, ಅಂದರೆ ಸೆಕೆಂಡಿಗೆ ಬರುವ ಚಿತ್ರಗಳು, ನಿಧಾನಕ್ಕೆ ಇಳಿಯುವುದಿಲ್ಲ, ಇದ್ದಕ್ಕಿದ್ದಂತೆ ಹಿಡಿದು ಹಿಡಿದು ಬಿಟ್ಟಂತಾಗುತ್ತದೆ, ಗೋಡೆಗಳ ಚಿತ್ರ ಮಸುಕಾಗಿಯೇ ಉಳಿಯುತ್ತದೆ. ಇಂಟೆಲ್‌ನ ಆರ್ಕ್ ಬಿ580ಗೆ 12 ಜಿಬಿ ಇದೆ, ಬೆಲೆಯೂ ಹಗುರ, ಆದರೆ ಬೋರ್ಡ್‌ನಲ್ಲಿ ರೀಸೈಜಬಲ್ ಬಾರ್ (ಕಾರ್ಡ್‌ನ ಮೆಮೊರಿಯನ್ನು ಪ್ರೊಸೆಸರ್ ಒಟ್ಟಿಗೇ ಬಳಸಲು ಬಿಡುವ ಸೌಲಭ್ಯ) ಇರಲೇಬೇಕು, ಹಳೆ ಪಿಸಿಗೆ ಅದನ್ನು ಸಿಕ್ಕಿಸಲು ಹೋಗಬೇಡಿ.

ಒಂದು ಎಚ್ಚರಿಕೆ. 5060 ಟಿಐ ಮತ್ತು 9060 ಎಕ್ಸ್‌ಟಿ ಎರಡೂ 8 ಜಿಬಿ, 16 ಜಿಬಿ ಅಂತ ಎರಡೆರಡು ಥರ ಬರುತ್ತವೆ. ಹೆಸರು ಒಂದೇ, ಡಬ್ಬಿಯೂ ಹೆಚ್ಚು ಕಡಿಮೆ ಒಂದೇ. ಬಿಲ್ಲಿನಲ್ಲಿ ಜಿಬಿ ಬರೆಸಿಕೊಳ್ಳಿ. "5060 ಟಿಐ ಸಸ್ತಾ ಸಿಕ್ತು" ಅಂತ ಯಾರಾದರೂ ಖುಷಿಯಲ್ಲಿ ಹೇಳಿದರೆ ನಾನು ಮೊದಲು ಕೇಳುವುದೇ ಅದು.

ಇನ್ನು ಜಾಹೀರಾತಿನ ದೊಡ್ಡ ದೊಡ್ಡ ಫ್ರೇಮ್ ಸಂಖ್ಯೆಗಳು. ಎನ್‌ವಿಡಿಯಾದ ಡಿಎಲ್‌ಎಸ್‌ಎಸ್ ತಂತ್ರದ ಮಲ್ಟಿ ಫ್ರೇಮ್ ಜನರೇಷನ್ 50 ಸರಣಿಗೆ ಮಾತ್ರ. ಅದು ನಿಜವಾದ ಎರಡು ಫ್ರೇಮ್‌ಗಳ ನಡುವೆ ತಾನೇ ಮಾಡಿದ ಹಲವು ಫ್ರೇಮ್‌ಗಳನ್ನು ತುರುಕುತ್ತದೆ. ಕಣ್ಣಿಗೆ ನುಣುಪು, ಆದರೆ ಮೌಸ್ ಒತ್ತಿದ್ದು ಆ ನಡುವಿನ ಫ್ರೇಮ್‌ಗಳಿಗೆ ಗೊತ್ತಿರುವುದಿಲ್ಲ. ಮೊದಲೇ 60 ಫ್ರೇಮ್ ಬರುತ್ತಿದ್ದರೆ ಚೆನ್ನಾಗಿರುತ್ತದೆ, 25 ಬರುವುದನ್ನು 100 ಮಾಡಿ ಆಡಲು ಹೋದರೆ ಕೈಗೆ ಹಿಂಸೆ.

ಇಂಟೆಲಾ, ಎಎಂಡಿಯಾ?

ಪ್ರೊಸೆಸರ್ ವಿಷಯದಲ್ಲಿ, ಈಗ ಹೊಸದಾಗಿ ಹಾಕಿಸುವವರಿಗೆ ನನ್ನ ಓಟು ಎಎಂಡಿಯ ಎಎಂ5 ಸಾಕೆಟ್‌ಗೆ. ಸಾಕೆಟ್, ಅಂದರೆ ಬೋರ್ಡ್‌ನಲ್ಲಿ ಪ್ರೊಸೆಸರ್ ಕೂರುವ ಜಾಗ, ನೋಡಿ ಹೇಳುತ್ತಿದ್ದೇನೆ. ಎಎಂ5 ಬಂದದ್ದು 2022ರ ಸೆಪ್ಟೆಂಬರ್‌ನಲ್ಲಿ, 2027ರವರೆಗೆ ಮತ್ತು ಅದರಾಚೆಗೂ ಅದನ್ನು ಬೆಂಬಲಿಸುತ್ತೇವೆ ಅಂತ ಎಎಂಡಿ ಹೇಳಿದೆ. ಹಿಂದಿನ ಎಎಂ4ನಲ್ಲಿ 2017ರ ಬೋರ್ಡ್‌ಗಳಿಗೂ 2022ರ 5800ಎಕ್ಸ್3ಡಿ ಪ್ರೊಸೆಸರ್ ಕೂತಿತು, ಬರೀ ಬಯೋಸ್ (ಬೋರ್ಡ್ ಒಳಗಿನ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಸಾಕಾಯಿತು. ಇಂಟೆಲ್‌ನಲ್ಲಿ 12, 13, 14ನೇ ತಲೆಮಾರಿಗೆ ಒಂದು ಸಾಕೆಟ್ ಇತ್ತು, 2024ರ ಅಕ್ಟೋಬರ್‌ನ ಕೋರ್ ಅಲ್ಟ್ರಾ 200ಕ್ಕೆ ಬೇರೆ ಸಾಕೆಟ್ ಬಂತು.

ರೈಜನ್ 5 7600 ಹಾಕಿ ಶುರು ಮಾಡಿ, ಮೂರು ವರ್ಷ ಬಿಟ್ಟು ಎಕ್ಸ್3ಡಿ ಹೆಸರಿನ ಒಂದನ್ನು ಹಾಕಿಕೊಳ್ಳಬಹುದು. ಬೋರ್ಡ್, ರ‍್ಯಾಮ್ ಅವೇ ಇರುತ್ತವೆ. ಎಕ್ಸ್3ಡಿ ಅಂದರೆ ಪ್ರೊಸೆಸರ್‌ನ ಒಳಗೇ 64 ಎಂಬಿ ಕ್ಯಾಶ್ ಮೆಮೊರಿ ಹೆಚ್ಚುವರಿಯಾಗಿ ಇರುವುದು. ಗೇಮ್‌ಗಳಿಗೆ ಅದರಿಂದ ಒಳ್ಳೆ ಲಾಭ, ಟೈಪಿಂಗ್ ಮಾಡುವವರಿಗೆ ಏನೂ ಇಲ್ಲ.

ಇಂಟೆಲ್ 13, 14ನೇ ತಲೆಮಾರಿನ ಐ7, ಐ9 ಸೆಕೆಂಡ್ ಹ್ಯಾಂಡ್ ಸಿಗುತ್ತಿದೆ ಅಂತ ಆಸೆ ಪಡಬೇಡಿ. ವೋಲ್ಟೇಜ್ ಜಾಸ್ತಿ ಎಳೆದು ಚಿಪ್ ಒಳಗೇ ಸವೆಯುವ ತೊಂದರೆ ಅವುಗಳಲ್ಲಿ ಇತ್ತು. 2024ರ ಆಗಸ್ಟ್‌ನಿಂದ ಇಂಟೆಲ್ ಮೈಕ್ರೋಕೋಡ್ ಅಪ್‌ಡೇಟ್ ಕೊಟ್ಟಿತು, ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ಆದರೆ ಆಗಲೇ ಸವೆದ ಚಿಪ್ ಅಪ್‌ಡೇಟ್‌ನಿಂದ ಸರಿಹೋಗುವುದಿಲ್ಲ. ಹಿಂದಿನವರು ಅಪ್‌ಡೇಟ್ ಹಾಕುವ ಮೊದಲು ಎಷ್ಟು ತಿಂಗಳು ಓಡಿಸಿದ್ದರು ಅಂತ ನಿಮಗೆ ಹೇಗೆ ಗೊತ್ತಾಗಬೇಕು?

ಹಳೆ ಪಿಸಿ ಇದೆ. ಪೂರ್ತಿ ಹೊಸದು ಬೇಕಾ?

ಎಎಂ4 ಬೋರ್ಡ್, ಡಿಡಿಆರ್4 ರ‍್ಯಾಮ್ ಇದ್ದರೆ ಬೇಡ, ಈಗಂತೂ ಬೇಡವೇ ಬೇಡ. ಆ ರ‍್ಯಾಮ್ ಇಟ್ಟುಕೊಂಡು ರೈಜನ್ 5 5600 ಹಾಕಿ, ಉಳಿದ ದುಡ್ಡು ಕಾರ್ಡ್‌ಗೆ ಸುರಿಯಿರಿ. ಬಯೋಸ್ ಅಪ್‌ಡೇಟ್ ಮಾಡುವಾಗ ಕರೆಂಟ್ ಹೋದರೆ ಬೋರ್ಡ್ ಸತ್ತೇ ಹೋಗಬಹುದು, ಆದ್ದರಿಂದ ಯುಪಿಎಸ್ ಇಲ್ಲದೆ ಮುಟ್ಟಬೇಡಿ.

ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನುವ ಭದ್ರತಾ ಸೌಲಭ್ಯ ಬೇಕು, ಇಂಟೆಲ್ ಆದರೆ 8ನೇ ತಲೆಮಾರು, ಎಎಂಡಿ ಆದರೆ ರೈಜನ್ 2000 ಅಥವಾ ಅದರ ಮೇಲೆ. ವ್ಯಾಲೊರಂಟ್ ಅಂತೂ ವಿಂಡೋಸ್ 11ನಲ್ಲಿ ಟಿಪಿಎಂ, ಸೆಕ್ಯೂರ್ ಬೂಟ್ ಎರಡೂ ಆನ್ ಇಲ್ಲದೆ ತೆರೆಯುವುದಿಲ್ಲ. ಬಹಳ ಸಲ ಅದು ಬೋರ್ಡ್‌ನಲ್ಲಿ ಇರುತ್ತದೆ, ಬಯೋಸ್‌ನಲ್ಲಿ ಆಫ್ ಆಗಿರುತ್ತದೆ ಅಷ್ಟೆ. ಹೊಸದು ಕೊಳ್ಳುವ ಮುಂಚೆ ಒಮ್ಮೆ ನೋಡಿ.

ಕರೆಂಟ್ ಹೋಗ್ತಾ ಬರ್ತಾ ಇರುತ್ತೆ. ಏನು ಮಾಡಬೇಕು?

ಇಲ್ಲಿ ಸ್ವಲ್ಪ ನಿಧಾನ ಓದಿ, ಇಲ್ಲಿನ ಪಿಸಿಗಳು ಹಳತಾಗಿ ಸಾಯುವುದಕ್ಕಿಂತ ಕರೆಂಟಿನಿಂದ ಸಾಯುವುದು ಜಾಸ್ತಿ. ಗಾಳಿಗೆ ಸಿಲ್ವರ್ ಓಕ್ ಕೊಂಬೆ ಲೈನ್ ಮೇಲೆ ಬೀಳುತ್ತದೆ, ಕರೆಂಟ್ ಹೋಗುತ್ತದೆ, ಬರುತ್ತದೆ, ಮತ್ತೆ ಹೋಗುತ್ತದೆ. ಹೋಗುವುದಕ್ಕಿಂತ ಅಪಾಯ ಅದು ವಾಪಸ್ ಬರುವ ಗಳಿಗೆಯಲ್ಲಿ.

ಮೊದಲು ಎಸ್‌ಎಂಪಿಎಸ್, ಅಂದರೆ ಪಿಸಿಯ ಪಾರ್ಟ್‌ಗಳಿಗೆ ಕರೆಂಟ್ ಕೊಡುವ ಪೆಟ್ಟಿಗೆ. ಕ್ಯಾಬಿನೆಟ್ ಜೊತೆ ಪುಕ್ಕಟೆ ಬರುವುದನ್ನು ಬಳಸಬೇಡಿ. ಒಳ್ಳೆಯದೊಂದು ಕರೆಂಟ್ ಹೋದ ಮೇಲೂ ಸುಮಾರು 16 ಮಿಲಿಸೆಕೆಂಡ್ ಪಿಸಿಯನ್ನು ಹಿಡಿದು ನಿಲ್ಲಿಸುತ್ತದೆ, ಆ ಹೊತ್ತಿನಲ್ಲಿ ಯುಪಿಎಸ್ ಎದ್ದು ಹೊರೆ ತಗೊಳ್ಳುತ್ತದೆ. ಅಗ್ಗದ್ದರಲ್ಲಿ ಅಷ್ಟೂ ಹೊತ್ತು ಇರುವುದಿಲ್ಲ. ಯುಪಿಎಸ್ ಇದ್ದೂ ಪಿಸಿ ರೀಸ್ಟಾರ್ಟ್ ಆಗುತ್ತದೆ ಅನ್ನುವವರ ಮನೆಯಲ್ಲಿ ಮೊದಲು ಇದನ್ನು ನೋಡಿ. 5060ಗೆ 550 ವ್ಯಾಟ್, 5070ಗೆ 650 ವ್ಯಾಟ್ ಅಂತ ಎನ್‌ವಿಡಿಯಾ ಹೇಳುತ್ತದೆ. ಒಂದು ಮೆಟ್ಟಿಲು ಮೇಲಿನದನ್ನು ತಗೊಂಡರೆ ಮುಂದಿನ ಕಾರ್ಡ್‌ಗೂ ಆಗುತ್ತದೆ.

ಯುಪಿಎಸ್ ಮೇಲೆ ಬರೆದ ವಿಎ ನೋಡಿ ಮೋಸ ಹೋಗಬೇಡಿ. 600 ವಿಎ ಅಂದರೆ ಸಾಮಾನ್ಯವಾಗಿ 360 ವ್ಯಾಟ್ ಮಾತ್ರ. ಗೇಮ್ ಆಡುವಾಗ ಮಾನಿಟರ್ ಸೇರಿ 300 ದಾಟುವ ಪಿಸಿಗೆ ಅದು ಉಸಿರುಗಟ್ಟುತ್ತದೆ. 1000 ವಿಎ ಅಥವಾ ಮೇಲೆ ತಗೊಳ್ಳಿ. ಐದತ್ತು ನಿಮಿಷ ಸಿಗುತ್ತದೆ, ಸೇವ್ ಮಾಡಿ ಆಫ್ ಮಾಡಲು. ಮ್ಯಾಚ್ ಮುಗಿಸಲು ಅಲ್ಲ.

ಮನೆಗೆ ದೊಡ್ಡ ಇನ್ವರ್ಟರ್ ಇದ್ದರೆ ಅದು ಪ್ಯೂರ್ ಸೈನ್ ವೇವ್ ಹೌದಾ ನೋಡಿ. ಹಳೆ ಸ್ಕ್ವೇರ್ ವೇವ್ ಇನ್ವರ್ಟರ್‌ನಲ್ಲಿ ಈಗಿನ ಎಸ್‌ಎಂಪಿಎಸ್‌ಗಳು ಗುಂಯ್ ಅನ್ನುತ್ತವೆ, ಕೆಲವು ಆಫ್ ಆಗುತ್ತವೆ. ಬಹಳಷ್ಟು ಇನ್ವರ್ಟರ್‌ಗಳ ಹಿಂದೆ ಯುಪಿಎಸ್ ಮೋಡ್‌ಗೆ ಒಂದು ಸಣ್ಣ ಸ್ವಿಚ್ ಇರುತ್ತದೆ, ಅದನ್ನು ಯಾರೂ ಮುಟ್ಟಿರುವುದಿಲ್ಲ.

ಕೊನೆಗೆ ಅರ್ತಿಂಗ್. ತೋಟದ ಹಳೆ ಮನೆಗಳಲ್ಲಿ ಮೂರು ಪಿನ್ನಿನ ಪ್ಲಗ್ ಇರುತ್ತದೆ, ಮೂರನೇ ತಂತಿ ಎಲ್ಲಿಗೂ ಹೋಗಿರುವುದಿಲ್ಲ. ಸರ್ಜ್ ಪ್ರೊಟೆಕ್ಟರ್ ಅರ್ತಿಂಗ್ ಇಲ್ಲದಿದ್ದರೆ ಅರ್ಧ ಕೆಲಸವೂ ಮಾಡುವುದಿಲ್ಲ. ಎಲೆಕ್ಟ್ರಿಷಿಯನ್ ಕರೆಸಿ ನ್ಯೂಟ್ರಲ್ಲಿಗೂ ಅರ್ತ್‌ಗೂ ನಡುವೆ ಎಷ್ಟು ವೋಲ್ಟ್ ತೋರಿಸುತ್ತದೆ ನೋಡಿಸಿ. ಒಂದೆರಡು ವೋಲ್ಟ್ ಇದ್ದರೆ ಸರಿ, ಅದಕ್ಕಿಂತ ತುಂಬಾ ಮೇಲಿದ್ದರೆ ಕಾರಣ ಹುಡುಕಿಸಿ. ಮಾರ್ಚ್ ಬಿಸಿಲಿಗೆ ಅರ್ತಿಂಗ್ ಗುಂಡಿ ಒಣಗಿರುತ್ತದೆ, ಆಗಾಗ ನೀರು ಹಾಕಿ. ಏಪ್ರಿಲ್, ಮೇ ತಿಂಗಳ ಗುಡುಗು ಮಿಂಚಿಗೆ ಮಾತ್ರ ಯಾವ ಪೆಟ್ಟಿಗೆಯೂ ತಡೆಯಲ್ಲ. ಪ್ಲಗ್ ಕಿತ್ತಿಡಿ, ಲ್ಯಾನ್ ಕೇಬಲ್ಲೂ ಕಿತ್ತಿಡಿ.

ಮಳೆಗಾಲದಲ್ಲಿ ಪಿಸಿ ಹಾಳಾಗುತ್ತಾ?

ಬಳಸುತ್ತಾ ಇದ್ದರೆ ಅಷ್ಟು ಸುಲಭಕ್ಕೆ ಆಗುವುದಿಲ್ಲ. ಆಫ್ ಮಾಡಿ ಮೂಲೆಯಲ್ಲಿ ಇಟ್ಟದ್ದೇ ಹಾಳಾಗುವುದು. ಆಗಸ್ಟ್‌ನಲ್ಲಿ ಮಡಿಕೇರಿ ಹತ್ತಿರ ಒಬ್ಬರ ಕ್ಯಾಬಿನೆಟ್ ತೆಗೆದಾಗ ಕಂಡದ್ದು: ಮುಂದಿನ ಫಿಲ್ಟರ್‌ನಲ್ಲಿ ಧೂಳು ತೇವ ಹೀರಿ ಕಂಬಳಿ ತುಂಡಿನ ಹಾಗೆ ಗಟ್ಟಿಯಾಗಿತ್ತು, ಸ್ಕ್ರೂಗಳ ತಲೆಯಲ್ಲಿ ತುಕ್ಕು, ಎಸ್‌ಎಂಪಿಎಸ್ ಪಕ್ಕದ ಬಿಸಿ ಜಾಗದಲ್ಲಿ ಹಲ್ಲಿ ಮೊಟ್ಟೆ ಎರಡು. ರ‍್ಯಾಮ್ ಕಡ್ಡಿಯ ಚಿನ್ನದ ಬಣ್ಣದ ಪಟ್ಟಿಗಳ ಮೇಲೆ ಮಂಕು ಕಲೆ ಕೂತಿತ್ತು. ಪೆನ್ಸಿಲ್ ಅಳಿಸುವ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಒರೆಸಿ, ವಾಪಸ್ ಸಿಕ್ಕಿಸಿದೆವು. ವಾರಗಟ್ಟಲೆ ಆನ್ ಆಗದೆ ಇದ್ದ ಪಿಸಿ ಆನ್ ಆಯಿತು. ರಿಪೇರಿಗೆ ಕೊಡುವ ಮುಂಚೆ ಇದೊಂದು ಮಾಡಿ ನೋಡಿ, ಖರ್ಚಿಲ್ಲ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಿನಾ ಒಂದು ಗಂಟೆಯಾದರೂ ಓಡಿಸಿ, ಒಳಗಿನ ಬಿಸಿಗೇ ತೇವ ಹೋಗುತ್ತದೆ. ಹೊರಗೋಡೆಗೆ ತಾಗಿಸಿ ಇಡಬೇಡಿ, ನೆಲದ ಮೇಲಂತೂ ಬೇಡ. ಆಡಿ ಮುಗಿದ ಕೂಡಲೇ ಪ್ಲಾಸ್ಟಿಕ್ ಕವರ್ ಮುಚ್ಚುವ ಅಭ್ಯಾಸ ಕೆಲವರಿಗಿದೆ, ಅದರಿಂದ ತೇವ ಒಳಗೇ ಉಳಿಯುತ್ತದೆ. ಜಾಲರಿ ಕ್ಯಾಬಿನೆಟ್ ಒಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕುವುದೂ ಅಷ್ಟೆ, ಗಾಳಿ ಓಡಾಡುವ ಕಡೆ ಅದು ಒಂದು ದಿನವೂ ಬರಲ್ಲ. ಬಿಚ್ಚಿಟ್ಟ ಪಾರ್ಟ್‌ಗಳನ್ನು ಮುಚ್ಚಳ ಇರುವ ಡಬ್ಬದಲ್ಲಿ ಇಡುವಾಗ ಹಾಕಿ. ಮನೆ ತಿಂಗಳುಗಟ್ಟಲೆ ಬೀಗ ಹಾಕಿದ್ದರೆ, ಬಂದ ತಕ್ಷಣ ಆನ್ ಮಾಡದೆ ಬದಿಯ ಬಾಗಿಲು ತೆಗೆದು ಫ್ಯಾನ್ ಗಾಳಿಗೆ ಕೆಲವು ಗಂಟೆ ಬಿಡಿ.

ನಮ್ಮ ಹವೆಯಿಂದ ಲಾಭವೂ ಇದೆ. ಇಲ್ಲಿನ ತಂಪಿಗೆ ಸಾಧಾರಣ ಏರ್ ಕೂಲರ್ ಸಾಕು. ಲಿಕ್ವಿಡ್ ಕೂಲರ್‌ಗೆ ಹಾಕುವ ದುಡ್ಡನ್ನು ಯುಪಿಎಸ್‌ಗೆ ಹಾಕಿ.

ಎಲ್ಲಿ ಕೊಳ್ಳೋದು?

ಮೈಸೂರು ಹತ್ತಿರ, ಆಯ್ಕೆ ಜಾಸ್ತಿ ಬೇಕಿದ್ದರೆ ಬೆಂಗಳೂರಿನ ಎಸ್‌ಪಿ ರೋಡ್. ಆನ್‌ಲೈನ್ ಕೂಡ ಸರಿ, ಡಬ್ಬಿ ಬಿಚ್ಚುವುದನ್ನು ಪೂರ್ತಿ ವಿಡಿಯೊ ಮಾಡಿದರೆ ಆಯಿತು. ಎಲ್ಲಿ ಕೊಂಡರೂ ಜಿಎಸ್‌ಟಿ ಬಿಲ್ ಇರಲಿ, ಸೀರಿಯಲ್ ನಂಬರ್ ಅದರಲ್ಲಿ ಇರಲಿ. "ಬಿಲ್ ಬೇಡ ಅಂದ್ರೆ ಕಮ್ಮಿ ಆಗ್ತದೆ" ಅನ್ನುವವರಿಂದ ಎದ್ದು ಬನ್ನಿ. ಹೊರದೇಶದಲ್ಲಿ ಮಾರಲು ಇಟ್ಟ ಮಾಲಿಗೆ ಇಲ್ಲಿ ವಾರಂಟಿ ಹೆಚ್ಚಾಗಿ ಇರುವುದಿಲ್ಲ, ಅದನ್ನೂ ಕೇಳಿ.

ಜೋಡಿಸಿದ ಪಿಸಿ ತರುವಾಗ ಗ್ರಾಫಿಕ್ಸ್ ಕಾರ್ಡ್ ಬಿಚ್ಚಿಸಿ ಅದರ ಡಬ್ಬಿಯಲ್ಲೇ ತನ್ನಿ. ಈಗಿನ ಕಾರ್ಡ್‌ಗಳು ಭಾರ, ನಮ್ಮ ತಿರುವುಗಳಿಗೂ ಹೊಂಡಗಳಿಗೂ ಬೋರ್ಡ್‌ನ ಸ್ಲಾಟ್ ಕಿತ್ತು ಬರುತ್ತದೆ. ಕ್ಯಾಬಿನೆಟ್ಟನ್ನು ಬೋರ್ಡ್ ಕೆಳಗೆ ಬರುವ ಹಾಗೆ ಸೀಟಿನ ಮೇಲೆ ಮಲಗಿಸಿ.

ಸೆಕೆಂಡ್ ಹ್ಯಾಂಡ್ ಕಾರ್ಡ್?

ವಾರಂಟಿ ಉಳಿದಿದ್ದರೆ, ಎದುರಿಗೇ ಅರ್ಧ ಗಂಟೆ ಗೇಮ್ ಓಡಿಸಿ ತೋರಿಸಿದರೆ ಸರಿ. ಜಿಟಿಎಕ್ಸ್ 1060, 1080 ಟಿಐ ಥರದ 10 ಸರಣಿ ಬೇಡ. ಹೊಸ ಗೇಮ್‌ಗಳಿಗೆ ಡ್ರೈವರ್ ಕೊಡುವುದನ್ನು ಎನ್‌ವಿಡಿಯಾ 2025ರ ಅಕ್ಟೋಬರ್‌ಗೆ ನಿಲ್ಲಿಸಿತು, ರೇ ಟ್ರೇಸಿಂಗ್ (ಬೆಳಕನ್ನು ನಿಜದ ಹಾಗೆ ತೋರಿಸುವ ತಂತ್ರ) ಇಲ್ಲದೆ ತೆರೆಯದ ಗೇಮ್‌ಗಳೂ ಬರುತ್ತಿವೆ.

ಲ್ಯಾಪ್‌ಟಾಪ್ ತಗೊಂಡರೆ?

ಮೈಸೂರಿನಲ್ಲೋ ಮಂಗಳೂರಿನಲ್ಲೋ ಕಾಲೇಜಿಗೆ ಸೇರುವವರಾದರೆ ಲ್ಯಾಪ್‌ಟಾಪೇ ಸರಿ, ಬ್ಯಾಟರಿ ಇರುವುದರಿಂದ ಯುಪಿಎಸ್ ಖರ್ಚೂ ಉಳಿಯಿತು. ಆದರೆ ಲ್ಯಾಪ್‌ಟಾಪ್‌ನ 5060 ಬೇರೆ, ಡೆಸ್ಕ್‌ಟಾಪ್‌ನ 5060 ಬೇರೆ. ಲ್ಯಾಪ್‌ಟಾಪ್‌ಗಳಲ್ಲೇ ಒಂದಕ್ಕೆ ಜಾಸ್ತಿ ವ್ಯಾಟ್ ಕೊಟ್ಟಿರುತ್ತಾರೆ, ಇನ್ನೊಂದಕ್ಕೆ ಕಮ್ಮಿ, ಅದನ್ನು ನೋಡದೆ ಕೊಳ್ಳಬೇಡಿ.

ಪಿಸಿ ಹೊಸದು ಬಂದರೆ ಪಿಂಗ್ ಇಳಿಯುತ್ತಾ?

ಇಲ್ಲ. ಪಿಂಗ್ ಅಂದರೆ ನೀವು ಒತ್ತಿದ್ದು ಗೇಮ್ ಸರ್ವರ್‌ಗೆ ಹೋಗಿ ಬರುವ ಹೊತ್ತು, ಅದು ನೆಟ್‌ನ ವಿಷಯ. ಫೈಬರ್ ಇದ್ದರೆ ಸಂತೋಷ. ಮೊಬೈಲ್ ನೆಟ್‌ನಲ್ಲಿ, ಅದೂ ಮಳೆಯಲ್ಲಿ, ರ‍್ಯಾಂಕ್ಡ್ ಆಡುವ ಆಸೆ ಇದ್ದರೆ ದೇವರೇ ಕಾಪಾಡಬೇಕು. ಈಗಿನ ದೊಡ್ಡ ಗೇಮ್ 100 ಜಿಬಿ ದಾಟುತ್ತದೆ, 50 ಎಂಬಿಪಿಎಸ್ ಲೈನ್‌ನಲ್ಲಿ ಅದಕ್ಕೆ ನಾಲ್ಕೂವರೆ ಗಂಟೆ ಬೇಕು. ರೂಟರ್‌ಗೂ ಒಂದು ಸಣ್ಣ 12 ವೋಲ್ಟ್ ಯುಪಿಎಸ್ ಹಾಕಿ.

ಒಂದೇ ಸಲ ಅಷ್ಟು ದುಡ್ಡಿಲ್ಲ. ತಿಂಗಳಿಗೊಂದು ಪಾರ್ಟ್ ಕೊಳ್ಳಬಹುದಾ?

ಬೇಡ. ಮಾರ್ಚ್‌ನಲ್ಲಿ ಕೊಂಡ ಬೋರ್ಡ್‌ಗೆ ಸೆಪ್ಟೆಂಬರ್‌ನಲ್ಲಿ ಪ್ರೊಸೆಸರ್ ಹಾಕಿ ನೋಡಿದಾಗ ಕೆಟ್ಟಿದ್ದರೆ ವಾಪಸ್ ಕೊಡುವ ಗಡುವು ಮುಗಿದಿರುತ್ತದೆ, ವಾರಂಟಿಯಲ್ಲೂ ಆರು ತಿಂಗಳು ಸುಮ್ನೆ ಹೋಗಿರುತ್ತದೆ. ಅದರ ಬದಲು ಗ್ರಾಫಿಕ್ಸ್ ಕಾರ್ಡ್ ಒಂದನ್ನು ಬಿಟ್ಟು ಉಳಿದದ್ದೆಲ್ಲ ಒಟ್ಟಿಗೆ ಕೊಳ್ಳಿ. ರೈಜನ್ 5 7600ನಲ್ಲಿ ಮಾನಿಟರ್‌ಗೆ ಚಿತ್ರ ಕೊಡುವಷ್ಟು ಗ್ರಾಫಿಕ್ಸ್ ಒಳಗೇ ಇದೆ, 8600ಜಿಯಲ್ಲಿ ಇನ್ನೂ ಸ್ವಲ್ಪ ಜಾಸ್ತಿ, ವ್ಯಾಲೊರಂಟ್ ಥರದ್ದು ಆರಾಮಾಗಿ ನಡೆಯುತ್ತದೆ. ಕಾರ್ಡ್ ಮುಂದಿನ ಕುಯ್ಲಿಗೆ ಆಗಲಿ, ಅಷ್ಟರಲ್ಲಿ ಯಾವುದು ಬಂದಿರುತ್ತದೋ ಅದನ್ನೇ ಹಾಕಬಹುದು. ಒಂದೇ ಎಚ್ಚರ: 7500ಎಫ್, 12400ಎಫ್ ಹೀಗೆ ಕೊನೆಗೆ ಎಫ್ ಇರುವ ಪ್ರೊಸೆಸರ್‌ಗಳಲ್ಲಿ ಒಳಗೆ ಗ್ರಾಫಿಕ್ಸ್ ಇರುವುದಿಲ್ಲ. ಕಾರ್ಡ್ ಇಲ್ಲದೆ ಅದನ್ನು ತಂದರೆ ಫ್ಯಾನ್ ತಿರುಗುತ್ತದೆ, ಲೈಟ್ ಉರಿಯುತ್ತದೆ, ಮಾನಿಟರ್ ಮಾತ್ರ ಕಪ್ಪಗೇ ಇರುತ್ತದೆ.